ಉಲ್ಲೇಖದ ಕಾಮಾ ಯಾರ ಕೈಯಲ್ಲಿದೆ? ಲೇಟೆಕ್ ಗ್ರಂಥಸೂಚಿಯ ಒಂದು ಸಣ್ಣ ಇತಿಹಾಸ

ಇವತ್ತು ಬಹಳ ಸಣ್ಣ ವಿಷಯ ತಗೊಂಡಿದ್ದೀನಿ. ಎಷ್ಟು ಸಣ್ಣದು ಅಂದ್ರೆ, ಒಂದು ಕಾಮಾದಷ್ಟು.

ಪ್ರಬಂಧದೊಳಗೆ ಇನ್ನೊಬ್ಬರ ಕೆಲಸವನ್ನು ಉಲ್ಲೇಖಿಸುವಾಗ ಒಬ್ಬರು (ಮಾರ್ಕ್, 1881) ಅಂತ ಬರೀತಾರೆ. ಇನ್ನೊಬ್ಬರು ನಡುವೆ ಕಾಮಾ ಹಾಕದೆ (ಮಾರ್ಕ್ 1881) ಅಂತಾರೆ. ಮತ್ತೊಬ್ಬರು ಬರೀ [3] ಅಂತ ಹಾಕಿ ಮುಂದೆ ಹೋಗ್ತಾರೆ. ಇನ್ನು ಕೆಲವು ಪತ್ರಿಕೆಗಳಲ್ಲಿ ಪದದ ತಲೆಯ ಮೇಲೆ ಪುಟ್ಟದಾಗಿ ಒಂದು 3 ಕೂತಿರುತ್ತೆ. ಹೇಳ್ತಿರೋದು ಒಂದೇ ಮಾತು: ಈ ವಿಚಾರ ನನ್ನದಲ್ಲ, ಇಂಥವರಿಂದ ಪಡೆದದ್ದು. ಹಾಗಾದ್ರೆ ಆ ಕಾಮಾ ಇರಬೇಕೋ ಬೇಡವೋ ಅಂತ ತೀರ್ಮಾನ ಮಾಡೋರು ಯಾರು?

ನಮ್ಮಲ್ಲಿ ತುಂಬ ಜನ ಪುಣೆ, ಹೈದರಾಬಾದ್, ಚೆನ್ನೈ ಕಡೆ ಹಗಲು ಐಟಿ ಕೆಲಸ ಮಾಡ್ತಾ, ರಾತ್ರಿ ಪಾರ್ಟ್‌ಟೈಮ್ ಎಂ.ಟೆಕ್ ಅಥವಾ ಪಿಎಚ್‌ಡಿ ಬರೀತಿದ್ದಾರೆ. ಅವರಿಗೆ ಈ ಪ್ರಶ್ನೆ ಹೊಸದಲ್ಲ. ಸಲ್ಲಿಕೆಗೆ ಎರಡು ದಿನ ಇರುವಾಗ, ಬ್ರಾಕೆಟ್ ಬದಲಾಯಿಸಿ ಅಂತ ಗೈಡ್ ಹೇಳಿದರೆ ಆಗುವ ಸಂಕಟ ಅವರಿಗೆ ಗೊತ್ತು. ಆದರೆ ಈ ಸಂಕಟದ ಹಿಂದೆ ಒಂದು ಒಳ್ಳೆಯ ಕಥೆ ಇದೆ. ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಈ ಕಾಮಾದ ಅಧಿಕಾರ ಕೈಯಿಂದ ಕೈಗೆ ದಾಟ್ತಾ ಬಂದಿದೆ. ಅಚ್ಚುಮೊಳೆ ಜೋಡಿಸುವವರಿಂದ ಸಂಪಾದಕರಿಗೆ, ಸಂಪಾದಕರಿಂದ ಪ್ರೋಗ್ರಾಮರ್‌ಗಳಿಗೆ, ಅವರಿಂದ ಕೊನೆಗೆ ಬರೆಯುವ ನಮ್ಮ ಕೈಗೆ. ಆ ಪಯಣವನ್ನೇ ಇವತ್ತು ನೋಡೋಣ.

ಬಸವನಹುಳು ಮತ್ತು ವ್ಯಾಂಕೂವರ್

1881ರಲ್ಲಿ ಹಾರ್ವರ್ಡ್‌ನ ಪ್ರಾಣಿವಿಜ್ಞಾನಿ ಎಡ್ವರ್ಡ್ ಲಾರೆನ್ಸ್ ಮಾರ್ಕ್ ಒಂದು ಉದ್ದನೆಯ ಪ್ರಬಂಧ ಪ್ರಕಟಿಸಿದರು. ವಿಷಯ, ಚಿಪ್ಪಿಲ್ಲದ ಒಂದು ಜಾತಿಯ ಬಸವನಹುಳುವಿನ ಮೊಟ್ಟೆ ಬೆಳೆಯುವ ಬಗೆ. ಅದರಲ್ಲಿ ಅವರು ಲೇಖಕರ ಹೆಸರು ಮತ್ತು ಇಸವಿಯನ್ನು ಬ್ರಾಕೆಟ್ ಬಳಸಿ ವಾಕ್ಯದೊಳಗೇ ಕೊಟ್ಟರು. ಓದುಗರಿಗೆ ಗೊಂದಲ ಆಗಬಾರದು ಅಂತ ಒಂದು ನಕ್ಷತ್ರ ಚಿಹ್ನೆ ಹಾಕಿ, ಈ ಪದ್ಧತಿ ಏನು ಅಂತ ಅಡಿಟಿಪ್ಪಣಿಯಲ್ಲಿ ವಿವರಿಸಿದರು. ಇಂದು ‘ಹಾರ್ವರ್ಡ್ ಪದ್ಧತಿ’ ಅಂತ ನಾವು ಕರೆಯುವುದರ ಮೂಲ ಇದೇ ಅಂತ 1988ರಲ್ಲಿ ಈಲೈ ಚೆರ್ನಿನ್ ಅನ್ನುವವರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ನೂರು ವರ್ಷ ಎಲ್ಲರೂ ಬಳಸಿದ ಪದ್ಧತಿಯ ಮೂಲ ಹುಡುಕೋದಕ್ಕೇ ಒಂದು ಲೇಖನ ಬೇಕಾಯ್ತು, ನೋಡಿ. ಋಣ ಹೇಳುವ ಪದ್ಧತಿಯ ಋಣವೇ ಮರೆತುಹೋಗಿತ್ತು.

ಇನ್ನೊಂದು ದಾರಿ ಸಂಖ್ಯೆಯದು. ಜಾಗ ಕಡಿಮೆ ಹಿಡಿಯುತ್ತೆ, ಓದಿನ ಓಟ ತಡೆಯೋದಿಲ್ಲ. ಆದರೆ ನಡುವೆ ಒಂದು ಹೊಸ ಉಲ್ಲೇಖ ಸೇರಿಸಿದರೆ ಅಲ್ಲಿಂದ ಮುಂದಿನ ಸಂಖ್ಯೆಗಳೆಲ್ಲ ಬದಲಾಗಬೇಕು. ಟೈಪ್‌ರೈಟರ್ ಕಾಲದಲ್ಲಿ ಅದು ಎಂಥ ಹಿಂಸೆ ಅಂತ ಊಹಿಸಿಕೊಳ್ಳಿ. ಅದರ ಮೇಲೆ ಒಂದೊಂದು ಪತ್ರಿಕೆಗೆ ಒಂದೊಂದು ರೀತಿ. ಒಂದು ಕಡೆ ತಿರಸ್ಕೃತವಾದ ಲೇಖನವನ್ನು ಇನ್ನೊಂದು ಕಡೆ ಕಳಿಸಬೇಕಾದರೆ ಆಕರಪಟ್ಟಿಯನ್ನು ಪೂರ್ತಿ ಮತ್ತೆ ಟೈಪ್ ಮಾಡಬೇಕಿತ್ತು. 1978ರಲ್ಲಿ ಕೆಲವು ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿ ಹಸ್ತಪ್ರತಿಗೆ ಒಂದು ಸಾಮಾನ್ಯ ರೂಪ ಒಪ್ಪಿಕೊಂಡರು. 1979ರಲ್ಲಿ ಅದು ಪ್ರಕಟವಾಯ್ತು. ಅದೇ ವ್ಯಾಂಕೂವರ್ ಶೈಲಿ. ಅದರಲ್ಲಿ ಹೆಸರಿನ ಇನಿಷಿಯಲ್‌ಗಳ ನಡುವೆ ಚುಕ್ಕಿ ಕೂಡ ಇಲ್ಲ, ಅಷ್ಟು ಮಿತವ್ಯಯ.

ಅಂದ್ರೆ 1970ರ ದಶಕದ ಕೊನೆಯವರೆಗೂ ಚಿಹ್ನೆಗಳ ಅಧಿಕಾರ ಸಂಪಾದಕರದು, ಅದನ್ನು ಜಾರಿ ಮಾಡುವ ದುಡಿಮೆ ಬೆರಳಚ್ಚುಗಾರರದು ಮತ್ತು ಮುದ್ರಣಾಲಯದವರದು. ಸರಿಯಾಗಿ ಇದೇ ಹೊತ್ತಿಗೆ ಕಂಪ್ಯೂಟರ್ ಮಂದಿ ಬಾಗಿಲು ತಟ್ಟಿದರು.

ಮಾಹಿತಿ ಬೇರೆ, ವೇಷ ಬೇರೆ

1977ರಲ್ಲಿ ಸ್ಟ್ಯಾನ್‌ಫರ್ಡ್‌ನ ಡೊನಾಲ್ಡ್ ಕನೂತ್ ಅವರಿಗೆ ತಮ್ಮ ಪುಸ್ತಕದ ಎರಡನೇ ಸಂಪುಟದ ಹೊಸ ಆವೃತ್ತಿಯ ಕರಡಚ್ಚು ಬಂತು. ಹೊಸ ಯಂತ್ರದ ಅಕ್ಷರ ಜೋಡಣೆ ಅವರಿಗೆ ಸ್ವಲ್ಪವೂ ಹಿಡಿಸಲಿಲ್ಲ. ನಾನೇ ಒಂದು ಪ್ರೋಗ್ರಾಂ ಬರೀತೀನಿ ಅಂತ ಕೂತರು. ಬೇಗ ಮುಗಿಯುತ್ತೆ ಅಂದುಕೊಂಡ ಕೆಲಸ ಸುಮಾರು ಹತ್ತು ವರ್ಷ ಹಿಡೀತು. ಅದೇ ಟೆಕ್. ಆದರೆ ಟೆಕ್‌ಗೆ ಉಲ್ಲೇಖ ಅಂದ್ರೆ ಏನು ಅಂತ ಗೊತ್ತಿರಲಿಲ್ಲ. ಅಕ್ಷರ, ಅಂತರ, ಸಾಲು, ಪುಟ, ಇಷ್ಟೇ ಅದರ ಲೋಕ.

ಉಲ್ಲೇಖದ ಯೋಚನೆ ಬಂದದ್ದು ಬೇರೆ ಎರಡು ಕಡೆಯಿಂದ. 1978ರ ಹೊತ್ತಿಗೆ ಬೆಲ್ ಲ್ಯಾಬ್ಸ್‌ನಲ್ಲಿ ಮೈಕ್ ಲೆಸ್ಕ್ ಯೂನಿಕ್ಸ್‌ಗಾಗಿ ‘ರೆಫರ್’ ಅನ್ನುವ ಪ್ರೋಗ್ರಾಂ ಮಾಡಿದ್ದರು. ನೀವು ಒಂದೆರಡು ಪದ ಕೊಟ್ಟರೆ ಅದು ಕಡತದಿಂದ ಪುಸ್ತಕದ ವಿವರ ಹುಡುಕಿ ತಂದು ಹಾಕುತ್ತಿತ್ತು. ಇನ್ನೊಂದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ್ದು. ಅಲ್ಲಿ ಬ್ರಯಾನ್ ರೀಡ್ ‘ಸ್ಕ್ರೈಬ್’ ಅನ್ನುವ ವ್ಯವಸ್ಥೆ ಕಟ್ಟಿ, 1980ರಲ್ಲಿ ಅದರ ಮೇಲೇ ಪಿಎಚ್‌ಡಿ ಪಡೆದರು. ಸ್ಕ್ರೈಬ್‌ನ ತತ್ವ ಸರಳ: ಬರೆಯುವವರು ‘ಇದು ಶೀರ್ಷಿಕೆ, ಇದು ಲೇಖಕ’ ಅಂತ ಹೇಳಿದರೆ ಸಾಕು. ಅದು ಕಾಗದದ ಮೇಲೆ ಹೇಗೆ ಕಾಣಬೇಕು ಅನ್ನೋದನ್ನ ಬೇರೆ ಕಡೆ ಇಡಿ.

1980ರ ದಶಕದ ಮೊದಲಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಈ ತತ್ವವನ್ನು ಟೆಕ್ ಮೇಲೆ ತಂದರು. ಅದೇ ಲೇಟೆಕ್. 1986ರಲ್ಲಿ ಅವರ ಪುಸ್ತಕ ಬಂತು. ಲೇಟೆಕ್‌ನ ಮೂಲ ಉಲ್ಲೇಖ ಆಜ್ಞೆ ‘ಸೈಟ್’. ಅದು ಹಾಕೋದು ಚೌಕ ಬ್ರಾಕೆಟ್, ಒಳಗೆ ಸಂಖ್ಯೆಗಳು, ನಡುವೆ ಕಾಮಾ. ಅಂದ್ರೆ [3, 7] ಅಂತ. ಹಾಗಾಗಿ ಕಂಪ್ಯೂಟರ್ ಸೈನ್ಸ್ ಪ್ರಬಂಧ ಓದಿದವರಿಗೆಲ್ಲ ಈ ಚೌಕ ಬ್ರಾಕೆಟ್ ಹುಟ್ಟಿನಿಂದಲೇ ಇದ್ದ ಹಾಗೆ ಕಾಣುತ್ತೆ. ಯಾರೋ ಇಟ್ಟ ಡೀಫಾಲ್ಟ್ ಎಷ್ಟು ಬೇಗ ಸಂಪ್ರದಾಯ ಆಗಿಬಿಡುತ್ತೆ, ಅಲ್ವಾ?

ಪಟಾಶ್ನಿಕ್ ಬಿಡಿಸಿದ ಗಂಟು

ಈಗ ಕಥೆಯ ಮುಖ್ಯ ಪಾತ್ರಧಾರಿ ಬರ್ತಾರೆ: ಓರೆನ್ ಪಟಾಶ್ನಿಕ್. ಸ್ಟ್ಯಾನ್‌ಫರ್ಡ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ ಲ್ಯಾಂಪೋರ್ಟ್ ಜೊತೆಗೂಡಿ 1985ರಲ್ಲಿ ಬಿಬ್‌ಟೆಕ್ ತಂದರು. 1988ರಲ್ಲಿ 0.99 ಆವೃತ್ತಿ ಬಂತು. ನಂಬ್ತೀರೋ ಇಲ್ಲವೋ, ಇಂದಿಗೂ ಅದು 1.0 ಆಗಿಲ್ಲ. ಆದರೂ ಜಗತ್ತಿನ ಲೆಕ್ಕವಿಲ್ಲದಷ್ಟು ಪ್ರಬಂಧಗಳ ಆಕರಪಟ್ಟಿ ಅದರ ಮೂಲಕವೇ ಹೊರಗೆ ಬರುತ್ತೆ.

ಅವರ ಮುಂದಿದ್ದ ಸಮಸ್ಯೆ ಏನು? ಕೋಡ್ ಬರೆಯುವ ನಮಗೆ ಇದು ಥಟ್ಟನೆ ಅರ್ಥ ಆಗುತ್ತೆ. ಒಂದು ದಾಖಲೆಯಲ್ಲಿ ಲೇಖಕ, ಶೀರ್ಷಿಕೆ, ಪತ್ರಿಕೆ, ಸಂಪುಟ, ಪುಟ, ಇಸವಿ ಎಲ್ಲ ಇದ್ದರೆ ನಡುನಡುವೆ ಕಾಮಾ ಹಾಕೋದು ದೊಡ್ಡ ಕೆಲಸ ಅಲ್ಲ. ಆದರೆ ಸಂಪುಟ ಸಂಖ್ಯೆ ಇಲ್ಲ ಅಂತಿಟ್ಕೊಳ್ಳಿ. ಎರಡು ಕಾಮಾ ಪಕ್ಕಪಕ್ಕ ಬಂದು ಕೂರುತ್ತೆ. ಶೀರ್ಷಿಕೆಯ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಅದರ ಮುಂದೆ ಮತ್ತೊಂದು ಪೂರ್ಣವಿರಾಮ ಬೀಳುತ್ತೆ. ಕೊನೆಯ ಮಾಹಿತಿಯೇ ಇಲ್ಲದಿದ್ದರೆ ಕಾಮಾ ಗಾಳಿಯಲ್ಲಿ ನೇತಾಡುತ್ತೆ.

ಪಟಾಶ್ನಿಕ್ ಕಂಡುಕೊಂಡ ಉಪಾಯ ಹೀಗೆ: ಒಂದು ತುಣುಕು ಸಿಕ್ಕ ತಕ್ಷಣ ಅದರ ಮುಂದೆ ಚಿಹ್ನೆ ಹಾಕಬೇಡ. ಅದನ್ನು ಕೈಯಲ್ಲೇ ಹಿಡಿದುಕೊಂಡಿರು. ಮುಂದಿನ ತುಣುಕು ನಿಜವಾಗಿ ಬಂದ ಮೇಲೆ, ನಾವು ಈಗ ವಾಕ್ಯದ ನಡುವೆ ಇದ್ದೀವೋ, ವಾಕ್ಯ ಮುಗೀತೋ, ಒಂದು ಇಡೀ ಭಾಗವೇ ಮುಗೀತೋ ಅಂತ ನೋಡಿ, ಆಮೇಲೆ ಕಾಮಾ ಅಥವಾ ಪೂರ್ಣವಿರಾಮ ಹಾಕು. ಬಿಬ್‌ಟೆಕ್‌ನ ಶೈಲಿ ಕಡತಗಳಲ್ಲಿ ಈ ಸ್ಥಿತಿಗಳಿಗೆ ಹೆಸರುಗಳೇ ಇವೆ. ಅದರ ಜೊತೆಗೆ ‘ಆಡ್ ಪಿರಿಯಡ್’ ಅನ್ನುವ ಒಂದು ಒಳಗಿನ ಸೌಲಭ್ಯ. ಕೊನೆಯಲ್ಲಿ ಆಗಲೇ ಚುಕ್ಕಿ, ಪ್ರಶ್ನಾರ್ಥಕ ಅಥವಾ ಆಶ್ಚರ್ಯಸೂಚಕ ಇದ್ದರೆ ಅದು ಸುಮ್ಮನಿರುತ್ತೆ, ಇಲ್ಲದಿದ್ದರೆ ಮಾತ್ರ ಚುಕ್ಕಿ ಇಡುತ್ತೆ. ಮೊಳೆ ಜೋಡಿಸುವ ಹಿರಿಯ ಕೆಲಸಗಾರ ಕಣ್ಣಳತೆಯಲ್ಲೇ ಮಾಡ್ತಿದ್ದ ಕೆಲಸ ಇದು. ಅದನ್ನ ಮೊದಲ ಸಲ ಹೀಗೆ ನಿಯಮವಾಗಿ ಬರೆದಿಟ್ಟದ್ದನ್ನು ಓದಿದಾಗ ನನಗೆ ನಿಜಕ್ಕೂ ಖುಷಿಯಾಯ್ತು.

ಆದರೆ ಒಂದು ತೊಡಕು. ಆ ಶೈಲಿ ಕಡತದ ಭಾಷೆ ಸ್ಟ್ಯಾಕ್ ಆಧಾರಿತ, ಹಿಂದುಮುಂದಾಗಿ ಬರೆಯುವಂಥದ್ದು. ಮೊದಲು ಬೆಲೆಗಳನ್ನು ಹೇಳಬೇಕು, ಆಮೇಲೆ ಕ್ರಿಯೆ. ‘ಎರಡು, ಮೂರು, ಕೂಡಿಸು’ ಅಂದ ಹಾಗೆ. ಒಬ್ಬ ಇತಿಹಾಸದ ವಿದ್ಯಾರ್ಥಿ ತನ್ನ ಪಟ್ಟಿಯಲ್ಲಿ ಒಂದು ಕಾಮಾ ತೆಗೀಬೇಕು ಅಂದರೆ ಈ ಭಾಷೆ ಕಲೀಬೇಕು. ಜೊತೆಗೆ, ಮೂಲದ ನಾಲ್ಕು ಶೈಲಿಗಳನ್ನು, ಅಂದರೆ ಪ್ಲೇನ್, ಆಲ್ಫಾ, ಅಬ್ರವ್ ಮತ್ತು ಅನ್‌ಸಾರ್ಟ್ ಇವುಗಳನ್ನು, ತಿದ್ದಿದರೆ ಬೇರೆ ಹೆಸರಿನಲ್ಲೇ ಹಂಚಬೇಕು ಅಂತ ಷರತ್ತಿತ್ತು. ಉದ್ದೇಶ ಒಳ್ಳೆಯದೇ. ಫಲಿತಾಂಶ? ಒಂದೊಂದು ಪತ್ರಿಕೆಗೂ ಒಂದೊಂದು ಪ್ರತಿ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಒಂದು ಕಾಮಾಕ್ಕಾಗಿ ಒಂದು ಫೋರ್ಕ್. ಅಧಿಕಾರ ಸಂಪಾದಕರಿಂದ ಜಾರಿ, ಆ ಭಾಷೆ ಬಲ್ಲ ಕೆಲವೇ ಕೆಲವರ ಕೈಗೆ ಬಂತು.

ಆರು ಖಾಲಿ ಜಾಗಗಳು

ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಉಲ್ಲೇಖದ ಚಿಹ್ನೆಗಳು ಎರಡು ಕಡೆ ಇರ್ತವೆ. ಒಂದು, ಪ್ರಬಂಧದ ಒಳಗೆ, ಬ್ರಾಕೆಟ್ ಬರುವ ಕಡೆ. ಎರಡು, ಕೊನೆಯ ಪಟ್ಟಿಯಲ್ಲಿ. ಪಟ್ಟಿಯನ್ನು ಬಿಬ್‌ಟೆಕ್ ನೋಡಿಕೊಳ್ಳುತ್ತೆ. ಒಳಗಿನ ಬ್ರಾಕೆಟ್ ಲೇಟೆಕ್‌ನ ಕೆಲಸ. ಇದು ಗೊತ್ತಿಲ್ಲದೆ ಬಹಳ ಜನ ತಪ್ಪು ಕಡತದಲ್ಲಿ ಗಂಟೆಗಟ್ಟಲೆ ಹುಡುಕ್ತಾರೆ.

ಒಳಗಿನ ಬ್ರಾಕೆಟ್‌ಗೆ ಮೊದಲು ನೆರವಾದವರಲ್ಲಿ ಡೊನಾಲ್ಡ್ ಆರ್ಸೆನೊ ಒಬ್ಬರು. ಅವರ ‘ಸೈಟ್’ ಪ್ಯಾಕೇಜ್ ಸಂಖ್ಯೆಗಳನ್ನು ವಿಂಗಡಿಸಿ, [1, 2, 3] ಅನ್ನೋದನ್ನ [1–3] ಅಂತ ಮಡಚುತ್ತೆ. ಬ್ರಾಕೆಟ್, ಕಾಮಾ, ನಡುವಿನ ಗೆರೆ ಮೂರನ್ನೂ ಬದಲಾಯಿಸಬಹುದು. ಲೇಖಕ–ಇಸವಿ ಪದ್ಧತಿಗೆ ದೊಡ್ಡ ದಾರಿ ತೆರೆದವರು ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯೊಂದರಲ್ಲಿದ್ದ ಪ್ಯಾಟ್ರಿಕ್ ಡೇಲಿ. 1990ರ ದಶಕದಲ್ಲಿ ಅವರು ನ್ಯಾಟ್‌ಬಿಬ್ ಬರೆದರು.

ನ್ಯಾಟ್‌ಬಿಬ್‌ನಲ್ಲಿ ‘ಬಿಬ್‌ಪಂಕ್ಟ್’ ಅಂತ ಒಂದು ಆಜ್ಞೆ ಇದೆ. ಅದಕ್ಕೆ ಆರು ಖಾಲಿ ಜಾಗ. ತೆರೆಯುವ ಬ್ರಾಕೆಟ್ ಯಾವುದು? ಮುಚ್ಚುವುದು ಯಾವುದು? ಎರಡು ಉಲ್ಲೇಖಗಳ ನಡುವೆ ಏನು? ಸಂಖ್ಯೆಯೋ, ತಲೆಯ ಮೇಲಿನ ಸಂಖ್ಯೆಯೋ, ಲೇಖಕ–ಇಸವಿಯೋ? ಲೇಖಕ ಮತ್ತು ಇಸವಿ ನಡುವೆ ಏನು? ಒಬ್ಬರದೇ ಎರಡು ಇಸವಿ ಬಂದರೆ ಅವುಗಳ ನಡುವೆ ಏನು? ಇಷ್ಟೇ. ನೂರು ವರ್ಷ ಸಂಪಾದಕರು ಕೈಪಿಡಿಗಳಲ್ಲಿ ಬರೆಯುತ್ತಾ ಬಂದದ್ದನ್ನು ಡೇಲಿ ಆರು ಪ್ರಶ್ನೆಗೆ ಇಳಿಸಿದರು. ಈಗ ಇದೇ ಕೆಲಸಕ್ಕೆ ‘ಸೆಟ್‌ಸೈಟ್‌ಸ್ಟೈಲ್’ ಅನ್ನುವ, ಓದಲು ಇನ್ನೂ ಸುಲಭವಾದ ಆಜ್ಞೆ ಇದೆ. ಪಟ್ಟಿಯ ಕಡೆಗೂ ಅವರೇ ಇನ್ನೊಂದು ಸಾಧನ ಕೊಟ್ಟರು. ಅದು ಒಂದರ ಹಿಂದೆ ಒಂದು ಪ್ರಶ್ನೆ ಕೇಳುತ್ತಾ ಹೋಗುತ್ತೆ, ನೀವು ಉತ್ತರಿಸಿದ ಹಾಗೆ ಶೈಲಿ ಕಡತ ತಯಾರಾಗುತ್ತೆ. ಸ್ಟ್ಯಾಕ್ ಭಾಷೆ ಕಲಿಯೋ ಅಗತ್ಯ ತಪ್ಪಿತು.

ಕಾದು ನೋಡುವ ಕಾಮಾ

2006ರಲ್ಲಿ ಫಿಲಿಪ್ ಲೇಮನ್ ಬಿಬ್‌ಲೇಟೆಕ್ ತಂದಾಗ ಕೊನೆಯ ಗೋಡೆ ಬಿತ್ತು. ಪಟ್ಟಿಯ ರೂಪವನ್ನೂ ಲೇಟೆಕ್ ಆಜ್ಞೆಗಳಲ್ಲೇ ಬರೆಯಬಹುದು. ಹೆಸರು ಮತ್ತು ಇಸವಿ ನಡುವಿನ ಗುರುತಿಗೆ ಒಂದು ಹೆಸರು, ಉಲ್ಲೇಖಗಳ ನಡುವಿನದ್ದಕ್ಕೆ ಒಂದು ಹೆಸರು, ಪಟ್ಟಿಯ ತುಣುಕುಗಳ ನಡುವಿನದ್ದಕ್ಕೆ ಇನ್ನೊಂದು. ‘ನೇಮ್‌ಇಯರ್‌ಡೆಲಿಮ್’ ಅನ್ನೋದನ್ನ ಒಂದೇ ಸಾಲಲ್ಲಿ ಮರುವ್ಯಾಖ್ಯಾನಿಸಿದರೆ (ಮಾರ್ಕ್ 1881) ಹೋಗಿ (ಮಾರ್ಕ್, 1881) ಆಗುತ್ತೆ, ಪ್ರಬಂಧದ ಉದ್ದಕ್ಕೂ.

ಇಲ್ಲಿ ಒಂದು ಸೂಕ್ಷ್ಮ ಇದೆ. ಆ ಸಾಲಿನಲ್ಲಿ ನೀವು ಕೀಬೋರ್ಡ್‌ನ ಕಾಮಾ ಒತ್ತೋದಿಲ್ಲ, ‘ಆಡ್‌ಕಾಮಾ’ ಅನ್ನುವ ಆಜ್ಞೆ ಬರೀತೀರಿ. ವ್ಯತ್ಯಾಸ ಏನು? ಕೀಬೋರ್ಡ್ ಕಾಮಾ ಕುರುಡು. ಆಡ್‌ಕಾಮಾ ಹಿಂದೆ ತಿರುಗಿ ನೋಡುತ್ತೆ. ಅಲ್ಲಿ ಆಗಲೇ ಕಾಮಾ ಇದ್ದರೆ ತಾನು ಬರೋದಿಲ್ಲ. ವಾಕ್ಯ ಮುಗಿಸುವ ಚುಕ್ಕಿ ಬೇರೆ, ಸಂಕ್ಷೇಪದ ಚುಕ್ಕಿ ಬೇರೆ ಅಂತಲೂ ಅದಕ್ಕೆ ಗೊತ್ತು. ‘ಮತ್ತಿತರರು’ ಅನ್ನುವ ಅರ್ಥದ ಲ್ಯಾಟಿನ್ ಸಂಕ್ಷೇಪದ ಚುಕ್ಕಿ ಆದ ಮೇಲೆ ಕಾಮಾ ಬರಬಹುದು, ವಾಕ್ಯದ ಚುಕ್ಕಿ ಆದ ಮೇಲೆ ಬರಬಾರದು. ಅಮೆರಿಕದವರು ಉದ್ಧರಣ ಚಿಹ್ನೆಯ ಒಳಗೆ ಕಾಮಾ ಹಾಕ್ತಾರೆ, ಬ್ರಿಟಿಷರು ಸಾಮಾನ್ಯವಾಗಿ ಹೊರಗೆ. ಆ ಅಟ್ಲಾಂಟಿಕ್ ಜಗಳಕ್ಕೂ ಇದರಲ್ಲಿ ಒಂದು ಸ್ವಿಚ್ ಇದೆ.

2012ರ ಹೊತ್ತಿಗೆ ಲೇಮನ್ ಈ ಕೆಲಸದಿಂದ ದೂರವಾದರು. ಫಿಲಿಪ್ ಕೈಮ್, ಆಡ್ರಿ ಬೊರುವ್ಕಾ, ಜೋಸೆಫ್ ರೈಟ್ ಅದನ್ನು ಕೈಗೆತ್ತಿಕೊಂಡರು. ಮುಕ್ತ ತಂತ್ರಾಂಶದಲ್ಲಿ ಇದೂ ಒಂದು ಥರದ ಉಲ್ಲೇಖವೇ. ಮೂಲ ಕರ್ತೃವಿನ ಹೆಸರು ಇಂದಿಗೂ ಕಡತದ ತಲೆಯ ಮೇಲಿದೆ.

ತಿರುವನಂತಪುರದ ದಾರಿ

ಇದೆಲ್ಲ ಅಮೆರಿಕ, ಜರ್ಮನಿ ಕಥೆ ಅಂದುಕೊಳ್ಳಬೇಡಿ. ಈ ಕಾಮಾಗಳ ದೊಡ್ಡ ಪಾಲು ದುಡಿಮೆ ನಡೆಯೋದು ದಕ್ಷಿಣ ಭಾರತದಲ್ಲಿ. ತಿರುವನಂತಪುರದಲ್ಲಿ ಸಿ. ವಿ. ರಾಧಾಕೃಷ್ಣನ್ ಕಟ್ಟಿದ ಟೆಕ್ ಕೆಲಸದ ಕೇಂದ್ರ ವಿದೇಶಿ ಪ್ರಕಾಶಕರ ಪ್ರಬಂಧಗಳನ್ನು ಜೋಡಿಸುತ್ತಾ ಬೆಳೆಯಿತು. 2002ರಲ್ಲಿ ಟೆಕ್ ಬಳಕೆದಾರರ ಅಂತರರಾಷ್ಟ್ರೀಯ ಸಮ್ಮೇಳನ ಅದೇ ಊರಿನಲ್ಲಿ ನಡೆಯಿತು, 2011ರಲ್ಲಿ ಮತ್ತೊಮ್ಮೆ. ಚೆನ್ನೈ, ಪುದುಚೇರಿ, ಬೆಂಗಳೂರುಗಳಲ್ಲೂ ಇಂಥ ಕೆಲಸ ಬೇಕಾದಷ್ಟಿದೆ. ನಮ್ಮ ನೋಡುಗರಲ್ಲೇ ಕೆಲವರ ಮೊದಲ ಉದ್ಯೋಗ ಇದೇ ಇದ್ದಿರಬಹುದು.

ಅಲ್ಲಿ ನಡೆಯುವ ಒಂದು ವಿಚಿತ್ರ ಕೇಳಿ. ನೀವು ರಾತ್ರಿಯಿಡೀ ಕೂತು ಕಾಮಾ ಸರಿ ಮಾಡಿ ಕಳಿಸ್ತೀರಿ. ಎಷ್ಟೋ ದೊಡ್ಡ ಪ್ರಕಾಶಕರ ಬಳಿ ನಿಮ್ಮ ಆಕರಪಟ್ಟಿ ಎಕ್ಸ್‌ಎಂಎಲ್ ಆಗುತ್ತೆ. ಲೇಖಕರಿಗೆ ಒಂದು ಟ್ಯಾಗ್, ಇಸವಿಗೆ ಒಂದು ಟ್ಯಾಗ್. ಆಮೇಲೆ ಅವರ ಶೈಲಿಯಂತೆ ಚಿಹ್ನೆಗಳು ಹೊಸದಾಗಿ ಬೀಳ್ತವೆ. ನೀವಿಟ್ಟ ಕಾಮಾ ಪರಿಶೀಲಕರ ಮೇಜಿನ ತನಕ ಮಾತ್ರ ಬದುಕಿರುತ್ತೆ. ಉಳಿಯೋದು ಏನು ಅಂದ್ರೆ, ದಾಖಲೆಯೊಳಗಿನ ಮಾಹಿತಿ. ರೀಡ್ 1980ರಲ್ಲಿ ಹೇಳಿದ್ದೇ ಮತ್ತೆ ಗೆದ್ದಿತು.

ಹೆಸರಿನೊಳಗಿನ ಕಾಮಾ

ಹಾಗಾದ್ರೆ ಇಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು? ಒಂದು ಕಾಮಾ ಮಾತ್ರ ಎಲ್ಲ ಯಂತ್ರಗಳನ್ನೂ ದಾಟಿ ಉಳಿಯುತ್ತೆ. ಅದು ದಾಖಲೆಯೊಳಗೆ ಲೇಖಕರ ಹೆಸರಿನಲ್ಲಿರೋ ಕಾಮಾ.

ಬಿಬ್‌ಟೆಕ್ ಹೆಸರನ್ನು ಪಾಶ್ಚಾತ್ಯ ಪದ್ಧತಿಯಲ್ಲಿ ಓದುತ್ತೆ. ಕಾಮಾ ಇಲ್ಲದಿದ್ದರೆ ಕೊನೆಯ ಪದವೇ ಮನೆತನದ ಹೆಸರು. ಈಗ ನಮ್ಮ ಊರಿನ ಒಬ್ಬರು ‘ಶ್ರೀನಿವಾಸ ಕೆ’ ಅಂತಿಟ್ಟುಕೊಳ್ಳಿ. ‘ಕೆ’ ಅನ್ನೋದು ಅಪ್ಪನ ಹೆಸರಿನ ಮೊದಲಕ್ಷರ. ಬಿಬ್‌ಟೆಕ್ ಅದನ್ನೇ ಮನೆತನದ ಹೆಸರು ಅಂತ ತಿಳಿಯುತ್ತೆ. ಉಲ್ಲೇಖದಲ್ಲಿ (ಕೆ, 2019) ಅಂತ ಬರುತ್ತೆ. ಮನುಷ್ಯನೇ ಮಾಯ! ಒಂದು ಅಕ್ಷರಕ್ಕೆ ಯಾರ ಋಣ ಸಂದಾಯ ಆಯ್ತು? ಸರ್‌ನೇಮ್ ಕಾಲಂ ಮುಂದೆ ತಡವರಿಸಿದ ದಕ್ಷಿಣದ ಪ್ರತಿಯೊಬ್ಬರಿಗೂ ಈ ನೋವು ಗೊತ್ತು. ಪರಿಹಾರ ಒಂದೇ ಕಾಮಾ: ‘ಶ್ರೀನಿವಾಸ, ಕೆ.’ ಅಂತ ಬರೆದರೆ ಸಾಕು. ಹೆಸರನ್ನು ಒಡೆಯಲೇಬಾರದು ಅಂದ್ರೆ ಇಡೀ ಹೆಸರಿಗೆ ಇನ್ನೊಂದು ಜೊತೆ ಹೂಬ್ರಾಕೆಟ್ ಹಾಕಿ. ಹಾಗೇ ಇಬ್ಬರು ಲೇಖಕರ ನಡುವೆ ಕಾಮಾ ಹಾಕಬೇಡಿ. ಅಲ್ಲಿ ‘ಆಂಡ್’ ಅನ್ನುವ ಇಂಗ್ಲಿಷ್ ಪದವೇ ಬೇಕು, ಎಷ್ಟು ಜನ ಇದ್ದರೂ.

ಕನ್ನಡದಲ್ಲೇ ಆಕರಪಟ್ಟಿ ಮಾಡುವವರಿಗೆ ಇನ್ನೊಂದು ಮಾತು. ಯೂನಿಕೋಡ್‌ನ ಯುಟಿಎಫ್–8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಹಳೆಯ ಬಿಬ್‌ಟೆಕ್ ಹೆಸರನ್ನು ಇನಿಷಿಯಲ್‌ಗೆ ಇಳಿಸುವಾಗ ಮೊದಲ ಬೈಟ್ ಮಾತ್ರ ಕತ್ತರಿಸಿಕೊಳ್ಳುತ್ತೆ. ‘ಶ್ರೀ’ ಇದ್ದ ಜಾಗದಲ್ಲಿ ಮೂರನೇ ಒಂದು ಪಾಲು ‘ಶ’ ಉಳಿಯುತ್ತೆ, ಅದು ಅಕ್ಷರವೇ ಅಲ್ಲ. 1980ರ ದಶಕದಲ್ಲಿ ಒಂದು ಅಕ್ಷರ ಅಂದರೆ ಒಂದು ಬೈಟ್ ಅಂತ ನಂಬಿದ ಕಾಲದ ಗುರುತು ಅದು. ಬಿಬ್‌ಲೇಟೆಕ್ ಜೊತೆ ಬರುವ ಬೈಬರ್ ಯೂನಿಕೋಡ್ ಬಲ್ಲದು. ಕನ್ನಡ ಕೆಲಸಕ್ಕೆ ಅದನ್ನೇ ಬಳಸಿ, ಜೊತೆಗೆ ಝೀಟೆಕ್ ಅಥವಾ ಲುವಾಟೆಕ್ ಇರಲಿ. ಶಾಸನಗಳ ಮೇಲೆ ಬರೆಯುವವರಿಗೆ ಲೇಖಕ–ಇಸವಿ ಹೊಂದೋದಿಲ್ಲ. ಎಪಿಗ್ರಾಫಿಯಾ ಕರ್ನಾಟಿಕದ ಶಾಸನಗಳನ್ನು ಸಂಪುಟ, ತಾಲ್ಲೂಕು, ಸಂಖ್ಯೆ ಅಂತಲೇ ಹೇಳೋದು ರೂಢಿ. ಬಿಬ್‌ಲೇಟೆಕ್‌ನಲ್ಲಿ ‘ಶಾರ್ಟ್‌ಹ್ಯಾಂಡ್’ ಅನ್ನುವ ಕ್ಷೇತ್ರ ಇಂಥದ್ದಕ್ಕೇ ಇದೆ.

ಒಟ್ಟು ನಾನು ಹೇಳೋದು ಇಷ್ಟು. ಪತ್ರಿಕೆ ತನ್ನದೇ ಶೈಲಿ ಕಡತ ಕೊಟ್ಟಿದ್ದರೆ ಅದನ್ನು ಮುಟ್ಟಬೇಡಿ. ಥೀಸಿಸ್ ನಿಮ್ಮದಾದರೆ ಒಳಗಿನ ಬ್ರಾಕೆಟ್ ಯಾವುದು, ಪಟ್ಟಿ ಯಾವುದು ಅಂತ ಬೇರೆ ಮಾಡಿಕೊಂಡು, ಚಿಹ್ನೆಗಳನ್ನು ಒಂದೇ ಕಡೆ ಹೇಳಿ. ಕೈಯಿಂದ ಅಲ್ಲಲ್ಲಿ ತಿದ್ದಬೇಡಿ. ಉಳಿದ ಸಮಯವನ್ನು ಹೆಸರುಗಳಿಗೆ ಕೊಡಿ. ಪಟ್ಟಿಯಲ್ಲಿರುವ ಒಬ್ಬೊಬ್ಬರ ಹೆಸರೂ ಅವರು ಬರೆಯುವ ಹಾಗೇ ಇದೆಯಾ, ಒಡೆಯಬಾರದ ಕಡೆ ಒಡೆದಿದೆಯಾ ಅಂತ ಒಮ್ಮೆ ಕಣ್ಣಾಡಿಸಿ. ಬ್ರಾಕೆಟ್ ಚೌಕವೋ ಗುಂಡೋ, ಪ್ರಕಾಶಕರು ಬದಲಾಯಿಸಿಕೊಳ್ತಾರೆ. ಒಬ್ಬರ ಹೆಸರು ತಪ್ಪಾಗಿ ಹೋದರೆ ಮಾತ್ರ ಅದು ಒಂದು ಪ್ರಬಂಧದಿಂದ ಇನ್ನೊಂದಕ್ಕೆ ನಕಲಾಗುತ್ತಾ ಹೋಗುತ್ತೆ.

ಮುಂದಿನ ವಾರ ಸಿಗೋಣ. ನಮಸ್ಕಾರ.